ಕಾರ್ಖಾನೆಯ ತಿಳಿವಳಿಕೆ ಎಲ್ಲಿಡುವುದು: ಕಡತದಲ್ಲೋ, ಕೈಯಲ್ಲೋ, ಕಂಪ್ಯೂಟರಿನಲ್ಲೋ?

ರಾತ್ರಿ ಎರಡು ಗಂಟೆ. ಮೂರನೇ ಶಿಫ್ಟ್. ಪ್ಲಾಸ್ಟಿಕ್ ಮೋಲ್ಡಿಂಗ್ ಮಷಿನ್‌ನಿಂದ ಬರುತ್ತಿರುವ ಪೀಸುಗಳ ಅಂಚಿನಲ್ಲಿ ತೆಳ್ಳಗೆ ಫ್ಲ್ಯಾಶ್, ಅಂದರೆ ಅಚ್ಚಿನಿಂದ ಹೊರಗೆ ಉಕ್ಕಿದ ಪ್ಲಾಸ್ಟಿಕ್, ಕಾಣಿಸತೊಡಗಿದೆ. ಆಪರೇಟರ್ ಟೆಂಪರೇಚರ್ ಒಂಚೂರು ಇಳಿಸಿ ನೋಡುತ್ತಾನೆ. ಪ್ರೆಷರ್ ಮುಟ್ಟಿ ನೋಡುತ್ತಾನೆ. ಏನೂ ಆಗುವುದಿಲ್ಲ. ಕೊನೆಗೆ ಫೋನ್ ತೆಗೆದು ಒಂದು ನಂಬರಿಗೆ ಕರೆ ಮಾಡುತ್ತಾನೆ. ಆ ಕಡೆಯಿಂದ ನಿದ್ದೆಗಣ್ಣಿನ ದನಿ: "ಮೋಲ್ಡ್ ತೆಗೆದು ಎಡಗಡೆ ಪಿನ್ ಹತ್ತಿರ ಒರೆಸಿದ್ಯೇನಪ್ಪಾ? ಅಲ್ಲೇ ಕೊಳೆ ಕೂತಿರುತ್ತೆ, ನೋಡು." ಹತ್ತು ನಿಮಿಷದಲ್ಲಿ ಮಷಿನ್ ಸರಿ.

ಆ ನಂಬರಿನವರು ಮುಂದಿನ ವರ್ಷ ನಿವೃತ್ತರಾಗುತ್ತಾರೆ. ಆಮೇಲೆ?

ಜ್ಞಾನ ನಿರ್ವಹಣೆ ಅಂತ ಭಾರವಾದ ಹೆಸರಿಟ್ಟುಕೊಂಡು ಓಡಾಡುವ ವಿಷಯದ ಬೇರು ಇಷ್ಟೇ. ಕೆಲಸ ಬಲ್ಲವರ ತಿಳಿವಳಿಕೆ, ಅದು ಬೇಕಾದವರ ಕೈಗೆ, ಬೇಕಾದ ಹೊತ್ತಿಗೆ ಸಿಗುವ ಹಾಗೆ ಮಾಡುವುದು. ಇದಕ್ಕೆ ದಾರಿಗಳು ಹಲವು. ಬರೆದಿಡಬಹುದು, ಪಕ್ಕದಲ್ಲಿ ನಿಲ್ಲಿಸಿ ಕಲಿಸಬಹುದು, ವಿಡಿಯೊ ಮಾಡಬಹುದು, ಸಾಫ್ಟ್‌ವೇರ್ ಕೊಳ್ಳಬಹುದು, ದಿನಾ ಬೆಳಿಗ್ಗೆ ನಿಂತು ಮಾತಾಡಬಹುದು, ಈಗಿನ ಫ್ಯಾಷನ್ ಪ್ರಕಾರ ಎಐ ಚಾಟ್‌ಬಾಟ್ ಹಾಕಿಸಬಹುದು. ಯಾವುದು ಯಾರಿಗೆ ಅನ್ನುವುದೇ ಈ ಬರಹ. ನನ್ನ ಒಲವು ಯಾವ ಕಡೆಗೆ ಅಂತ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಕಂಪನಿಗಳು ಈ ಪಟ್ಟಿಯನ್ನು ಹಿಂದಿನಿಂದ ಓದುತ್ತವೆ. ಮೊದಲು ಸಾಫ್ಟ್‌ವೇರ್ ಕೊಳ್ಳುತ್ತವೆ, ಅದರೊಳಗೆ ಏನು ಹಾಕಬೇಕು ಅಂತ ಆಮೇಲೆ ಹುಡುಕುತ್ತವೆ. ಆಯ್ಕೆ ಶುರುವಾಗಬೇಕಾದದ್ದು ತಿಳಿವಳಿಕೆ ಯಾವ ಬಗೆಯದು ಅನ್ನುವಲ್ಲಿಂದ.

ಹೇಳಬಲ್ಲದ್ದು, ಹೇಳಲಾಗದ್ದು, ಗೊತ್ತೇ ಇಲ್ಲದ್ದು

ನಾವು ಬಾಯಲ್ಲಿ ಹೇಳಬಲ್ಲದ್ದಕ್ಕಿಂತ ಹೆಚ್ಚು ನಮಗೆ ಗೊತ್ತಿರುತ್ತದೆ ಎಂಬ ಮಾತನ್ನು ಚಿಂತಕ ಮೈಕಲ್ ಪೊಲಾನಿ 1966ರಲ್ಲೇ ಮುಂದಿಟ್ಟರು. ಸೈಕಲ್ ಹೊಡೆಯುವವರನ್ನು ಬ್ಯಾಲೆನ್ಸ್ ಹೇಗೆ ಮಾಡ್ತೀರಿ ಅಂತ ಕೇಳಿ ನೋಡಿ. ಉತ್ತರ ತಡವರಿಸುತ್ತದೆ, ಸೈಕಲ್ ತಡವರಿಸುವುದಿಲ್ಲ. ಕಾರ್ಖಾನೆಯಲ್ಲೂ ಹಾಗೇ. ಬೋಲ್ಟ್ ಎಷ್ಟು ಟಾರ್ಕ್‌ಗೆ ಬಿಗಿಯಬೇಕು ಅನ್ನುವುದು ಹೇಳಬಲ್ಲ ತಿಳಿವಳಿಕೆ. ಒಂದು ಅಂಕಿ, ಒಂದು ಸಾಲು, ಮುಗಿಯಿತು. ಗ್ರೈಂಡಿಂಗ್ ವೀಲ್‌ನ ಸದ್ದು ಕೇಳಿ ಅದಕ್ಕೆ ಡ್ರೆಸ್ಸಿಂಗ್ (ಮೇಲ್ಮೈ ಕೆರೆದು ಮತ್ತೆ ಹರಿತ ಮಾಡುವುದು) ಬೇಕು ಅಂತ ಹೇಳುವುದು ಪಳಗಿದ ಕೈಯ ತಿಳಿವಳಿಕೆ. ಅದನ್ನು ಬರೆಯಲು ಕೂತರೆ "ಸದ್ದು ಬದಲಾದಾಗ" ಎಂಬಲ್ಲಿಗೆ ಪೆನ್ನು ನಿಲ್ಲುತ್ತದೆ.

ಇವೆರಡರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮೂರನೆಯದೊಂದಿದೆ. ತಮಗೆ ಗೊತ್ತಿದೆ ಅಂತಲೇ ಯಾರಿಗೂ ಗೊತ್ತಿಲ್ಲದ ತಿಳಿವಳಿಕೆ. ಇದಕ್ಕೆ ಅಮೆರಿಕದ ಅಣ್ವಸ್ತ್ರ ತಯಾರಿಕೆಯಲ್ಲಿ ನಡೆದ ಒಂದು ಘಟನೆ ಇದೆ, ಸ್ವಲ್ಪ ಬಿಡಿಸಿಯೇ ಹೇಳಬೇಕು.

'ಫಾಗ್‌ಬ್ಯಾಂಕ್' ಎಂಬ ಗುಪ್ತ ಹೆಸರಿನ ಒಂದು ವಸ್ತುವನ್ನು ಅಲ್ಲಿ 1989ರವರೆಗೆ ತಯಾರಿಸುತ್ತಿದ್ದರು. ಆಮೇಲೆ ನಿಂತಿತು. 2000ದ ಆಸುಪಾಸಿನಲ್ಲಿ ಹಳೆಯ ಸಿಡಿತಲೆಗಳ ಆಯುಷ್ಯ ಹೆಚ್ಚಿಸುವ ಕೆಲಸ ಬಂದಾಗ ಅದು ಮತ್ತೆ ಬೇಕಾಯಿತು. ಬರೆದಿಟ್ಟ ದಾಖಲೆ ಕಡಿಮೆ ಇತ್ತು. ಬಲ್ಲವರಲ್ಲಿ ಬಹುತೇಕ ಎಲ್ಲರೂ ನಿವೃತ್ತರಾಗಿದ್ದರು ಅಥವಾ ಬಿಟ್ಟುಹೋಗಿದ್ದರು. ಹೊಸ ಘಟಕ ಕಟ್ಟಿದರು, ಹಳೆಯ ವಿಧಾನವನ್ನು ಹೇಗೋ ಜೋಡಿಸಿಕೊಂಡರು, ಆದರೂ ವಸ್ತು ಸರಿಯಾಗಿ ಬರಲಿಲ್ಲ. ವರ್ಷಗಟ್ಟಲೆ ಕಾಲವೂ ಕೋಟಿಗಟ್ಟಲೆ ಹಣವೂ ಹೋಯಿತು. ಕೊನೆಗೆ ಸಿಕ್ಕ ಕಾರಣ ವಿಚಿತ್ರವಾಗಿತ್ತು. ಹಳೆಯ ಕಾಲದ ಕಚ್ಚಾ ಸಾಮಗ್ರಿಯಲ್ಲಿ ಒಂದು ಕಲ್ಮಷ ಇರುತ್ತಿತ್ತು. ಆ ಕಲ್ಮಷವೇ ವಸ್ತುವಿನ ಗುಣಕ್ಕೆ ಬೇಕಾದದ್ದಾಗಿತ್ತು. ಹೊಸ ಘಟಕದಲ್ಲಿ ಶುದ್ಧಿ ಮಾಡುವ ಹಂತ ಚೆನ್ನಾಗಿದ್ದದ್ದರಿಂದ ಅದು ಹೊರಟುಹೋಗುತ್ತಿತ್ತು. ಹಳೆಯ ಕೆಲಸಗಾರರಿಗೂ ಇದು ತಿಳಿದಿರಲಿಲ್ಲ. ಅಂದರೆ ಅವರೆಲ್ಲರನ್ನೂ ಕರೆಸಿ ಕೂರಿಸಿ ಕೇಳಿದ್ದರೂ ಉತ್ತರ ಸಿಗುತ್ತಿರಲಿಲ್ಲ.

ಯಾವ ಸಾಫ್ಟ್‌ವೇರೂ ಈ ಮೂರನೇ ಬಗೆಯನ್ನು ಹಿಡಿಯಲಾರದು. ಅದಕ್ಕೆ ಉಳಿದಿರುವ ದಾರಿ ಒಂದೇ. ಬ್ಯಾಚ್‌ನ ಕಚ್ಚಾ ಸಾಮಗ್ರಿ ಎಲ್ಲಿಂದ ಬಂತು, ಅಳತೆ ಏನಿತ್ತು, ಬಿಸಿ ಎಷ್ಟಿತ್ತು ಎಂಬ ಒಣ ದಾಖಲೆಗಳನ್ನು ಬಿಸಾಡದೆ ಇಟ್ಟುಕೊಳ್ಳುವುದು. ಯಾವತ್ತೋ ಒಂದು ದಿನ ಅವು ಬಾಯಿ ಬಿಡುತ್ತವೆ.

ಬರೆದಿಡುವ ದಾರಿ

ಎಸ್‌ಒಪಿ (ಕೆಲಸವನ್ನು ಹಂತ ಹಂತವಾಗಿ ಹೀಗೇ ಮಾಡಬೇಕು ಅಂತ ಬರೆದಿಟ್ಟ ಕಡತ), ವರ್ಕ್ ಇನ್‌ಸ್ಟ್ರಕ್ಷನ್, ಚೆಕ್‌ಲಿಸ್ಟ್. ಇದು ಎಲ್ಲರಿಗೂ ಗೊತ್ತಿರುವ ದಾರಿ, ಆಡಿಟ್‌ಗೆ ಬೇಕೇ ಬೇಕಾದ ದಾರಿ. ಗುಣಮಟ್ಟ ನಿರ್ವಹಣೆಯ ಅಂತಾರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ 7.1.6 ಎಂಬ ಒಂದು ಕಲಮು ಬಂತು. ನಿಮ್ಮ ಕೆಲಸ ನಡೆಯಲು ಯಾವ ತಿಳಿವಳಿಕೆ ಬೇಕು ಅಂತ ಗುರುತಿಸಿ, ಅದನ್ನು ಉಳಿಸಿಕೊಳ್ಳಿ, ಬೇಕಾದವರಿಗೆ ಸಿಗುವ ಹಾಗೆ ಇಡಿ ಎಂದು ಅದು ಹೇಳುತ್ತದೆ. ಇದೇ ವಿಷಯಕ್ಕಾಗಿ 2018ರಲ್ಲಿ ಐಎಸ್‌ಒ 30401 ಎಂಬ ಪ್ರತ್ಯೇಕ ಮಾನದಂಡವೂ ಬಂತು. ಗಮನಿಸಬೇಕಾದದ್ದು ಏನೆಂದರೆ, ಸಾಫ್ಟ್‌ವೇರ್ ಕೊಳ್ಳಿ ಅಂತ 9001 ಎಲ್ಲೂ ಹೇಳುವುದಿಲ್ಲ. ಇದರ ಹೆಸರು ಹೇಳಿಕೊಂಡು ಯಾರಾದರೂ ಪ್ಯಾಕೇಜ್ ಮಾರಲು ಬಂದರೆ ಆ ಕಲಮನ್ನು ತೆಗೆದು ಓದಿ, ಕೆಲವೇ ಸಾಲಿದೆ.

ಬರೆದಿಡುವುದು ಗೆಲ್ಲುವುದು ಎಲ್ಲಿ? ತಪ್ಪಿದರೆ ಪ್ರಾಣಕ್ಕೆ ಅಪಾಯ ಇರುವಲ್ಲಿ. ವರ್ಷಕ್ಕೆ ಒಂದೆರಡು ಸಲ ಮಾತ್ರ ಮಾಡುವ ಕೆಲಸದಲ್ಲಿ. ಬಾಯ್ಲರ್ ಶಟ್‌ಡೌನ್ ಮಾಡಿ ಮತ್ತೆ ಶುರು ಮಾಡುವುದನ್ನು ನೆನಪಿನ ಮೇಲೆ ಬಿಡಬಾರದು, ಮಾಡುವವರಿಗೆ ಇಪ್ಪತ್ತು ವರ್ಷದ ಅನುಭವ ಇದ್ದರೂ ಸರಿ. ಅಂಕಿಗಳಿರುವ ಕೆಲಸಕ್ಕೂ ಇದೇ ಸರಿ: ಟೆಂಪರೇಚರ್, ಮಿಶ್ರಣದ ಅಳತೆ, ಸೆಟ್ಟಿಂಗ್.

ಸೋಲುವುದು ಎಲ್ಲಿ ಅಂದರೆ, ಬರೆದವರು ಒಬ್ಬರು, ಮಾಡುವವರು ಇನ್ನೊಬ್ಬರು ಆದಾಗ. ನಾನು ನೋಡಿದ ಒಂದು ಘಟಕದಲ್ಲಿ ಪ್ರೆಸ್‌ನ ಡೈ (ಅಚ್ಚು) ಬದಲಾಯಿಸುವ ಎಸ್‌ಒಪಿ ಹದಿನಾಲ್ಕು ಪುಟ ಇತ್ತು. ಅಂದವಾಗಿ ಲ್ಯಾಮಿನೇಟ್ ಮಾಡಿ ಪ್ರೆಸ್‌ನ ಪಕ್ಕ ನೇತುಹಾಕಿದ್ದರು. ಅದರ ಹಿಂಬದಿಯಲ್ಲಿ ಮಾರ್ಕರ್‌ನಿಂದ ಐದು ಸಾಲು ಗೀಚಿದ್ದರು. ಎಲ್ಲರೂ ನೋಡುತ್ತಿದ್ದದ್ದು ಆ ಐದು ಸಾಲು. ಮುಂಬದಿ ಆಡಿಟರ್‌ಗೆ, ಹಿಂಬದಿ ಕೆಲಸಕ್ಕೆ. ಪುಸ್ತಕದ ಬದನೆಕಾಯಿ ಅಂತಾರಲ್ಲ, ಆ ಹದಿನಾಲ್ಕು ಪುಟ ಅದೇ. ಅಸಲಿ ಎಸ್‌ಒಪಿ ಹಿಂಬದಿಯಲ್ಲಿತ್ತು, ಅದಕ್ಕೆ ಡಾಕ್ಯುಮೆಂಟ್ ನಂಬರ್ ಇರಲಿಲ್ಲ ಅಷ್ಟೇ.

ಹಾಗಾಗಿ ಈ ದಾರಿ ಆರಿಸಿಕೊಂಡರೆ ಎರಡು ನಿಯಮ. ಕರಡನ್ನು ಕೆಲಸ ಮಾಡುವವರೇ ಹೇಳಬೇಕು, ಎಂಜಿನಿಯರ್ ಬರೆದುಕೊಳ್ಳಬೇಕು. ಇನ್ನೊಂದು, ಪ್ರತಿ ಹಂತದ ಪಕ್ಕದಲ್ಲಿ "ಯಾಕೆ" ಎಂಬ ಒಂದು ಸಾಲು ಇರಬೇಕು. ಯಾಕೆ ಅಂತ ಗೊತ್ತಿಲ್ಲದ ಹಂತವನ್ನು ಜನ ಅವಸರದ ದಿನ ಮೊದಲು ಬಿಡುತ್ತಾರೆ.

ಪಕ್ಕದಲ್ಲಿ ನಿಂತು ಕಲಿಯುವ ದಾರಿ

ಇದು ಅತ್ಯಂತ ಹಳೆಯದು, ಅತ್ಯಂತ ನಿಧಾನ. ನನ್ನ ಪ್ರಕಾರ ತಯಾರಿಕೆಯ ಲೋಕದಲ್ಲಿ ಅತಿ ಹೆಚ್ಚು ಕಡೆಗಣಿಸಿರುವುದೂ ಇದನ್ನೇ.

1980ರ ದಶಕದಲ್ಲಿ ಜಪಾನಿನ ಮತ್ಸುಶಿತ ಕಂಪನಿ ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರ ತಯಾರಿಸಲು ಹೊರಟಿತು. ಹಿಟ್ಟು ಸರಿಯಾಗಿ ನಾದುತ್ತಿರಲಿಲ್ಲ. ಹೊರಗೆ ಸೀದುಹೋದರೆ ಒಳಗೆ ಹಸಿ. ಯಂತ್ರ ನಾದಿದ ಹಿಟ್ಟನ್ನೂ ಬೇಕರಿಯವರು ನಾದಿದ ಹಿಟ್ಟನ್ನೂ ಎಕ್ಸ್‌ರೇ ತೆಗೆದು ಹೋಲಿಸಿದರು. ಉಪಯೋಗವಾಗಲಿಲ್ಲ. ಕೊನೆಗೆ ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ಪರಿಣತೆ ಒಸಾಕಾದ ಒಂದು ಹೋಟೆಲಿನ ಮುಖ್ಯ ಬೇಕರ್ ಹತ್ತಿರ ಶಿಷ್ಯೆಯಾಗಿ ಕಲಿಯಲು ಹೋದರು. ಆ ಬೇಕರ್ ಹಿಟ್ಟನ್ನು ಬರೀ ಎಳೆಯುತ್ತಿರಲಿಲ್ಲ, ಎಳೆಯುತ್ತಲೇ ತಿರುಚುತ್ತಿದ್ದರು. ಆ ತಿರುಚುವಿಕೆಯನ್ನು ಯಂತ್ರದಲ್ಲಿ ತರಲು ಎಂಜಿನಿಯರುಗಳು ಪಾತ್ರೆಯ ಒಳಗೋಡೆಗೆ ಏಣುಗಳನ್ನು ಕೂರಿಸಿದರು. ಯಂತ್ರ ಗೆದ್ದಿತು. ಜಪಾನಿನ ನಿರ್ವಹಣಾ ವಿದ್ವಾಂಸ ಇಕುಜಿರೊ ನೊನಾಕಾ ಅವರು 1990ರ ದಶಕದಲ್ಲಿ ಕಟ್ಟಿದ ಜ್ಞಾನ ಸಿದ್ಧಾಂತಕ್ಕೆ ಈ ಕಥೆಯೇ ಒಂದು ಮುಖ್ಯ ಉದಾಹರಣೆ: ಕೈಯಲ್ಲಿದ್ದದ್ದನ್ನು ಇನ್ನೊಂದು ಕೈ ಹಿಡಿಯುತ್ತದೆ, ಆಮೇಲೆ ಅದು ಮಾತಾಗುತ್ತದೆ, ಆಮೇಲೆ ಅಳತೆಯಾಗುತ್ತದೆ. ಎಕ್ಸ್‌ರೇ ಸೋತದ್ದು ಮಾತಿನ ಹಂತವನ್ನೂ ಕೈಯ ಹಂತವನ್ನೂ ಹಾರಿ ನೇರ ಅಳತೆಗೆ ಹೋದದ್ದರಿಂದ.

ಆದರೆ "ಅವರ ಪಕ್ಕ ನಿಂತು ನೋಡ್ಕೋ" ಅಂತ ಹೊಸಬರನ್ನು ಬಿಟ್ಟುಬಿಡುವುದು ಕಲಿಸುವುದಲ್ಲ. ಅದು ಸುಮ್ನೆ ನಿಲ್ಲಿಸುವುದು. ಇದಕ್ಕೊಂದು ಒಳ್ಳೆಯ ಕ್ರಮ 1940ರಿಂದ 1945ರವರೆಗೆ ಯುದ್ಧದ ಹೊತ್ತಿನಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಟಿಡಬ್ಲ್ಯುಐ, ಅಂದರೆ ಟ್ರೈನಿಂಗ್ ವಿದಿನ್ ಇಂಡಸ್ಟ್ರಿ, ಅಂತ ಅದರ ಹೆಸರು. ನುರಿತವರು ಯುದ್ಧಕ್ಕೆ ಹೋದರು, ಕಾರ್ಖಾನೆಯ ಮುಖವನ್ನೇ ನೋಡದವರು ಬಾಗಿಲಿಗೆ ಬಂದರು, ಬೇಗ ಕಲಿಸಬೇಕಿತ್ತು. 16 ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳ ಮೇಲ್ವಿಚಾರಕರು ಇದರಲ್ಲಿ ತರಬೇತಿ ಪಡೆದರು. ಕಲಿಸುವುದಕ್ಕೆ ಅದರಲ್ಲಿ ನಾಲ್ಕು ಹಂತ: ಕಲಿಯುವವರನ್ನು ಸಿದ್ಧಗೊಳಿಸು, ಮಾಡಿ ತೋರಿಸುತ್ತ ವಿವರಿಸು, ಅವರಿಂದ ಮಾಡಿಸು, ಆಮೇಲೆ ಆಗಾಗ ಹೋಗಿ ನೋಡು. ನೋಡಲು ಸಪ್ಪೆ. ಆದರೆ ಮೂರನೇ ಹಂತದಲ್ಲಿ ಒಂದು ಗುಟ್ಟಿದೆ. ಕಲಿಯುವವರು ಕೆಲಸ ಮಾಡುತ್ತಲೇ ಏನು ಮಾಡುತ್ತಿದ್ದೇನೆ, ಯಾವುದು ಮುಖ್ಯ, ಯಾಕೆ ಮುಖ್ಯ ಅಂತ ಬಾಯಿಬಿಟ್ಟು ಹೇಳಬೇಕು. ಹೇಳಲು ಬರಲಿಲ್ಲ ಅಂದರೆ ಕಲಿತಿಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕ ಇದನ್ನು ಹೆಚ್ಚುಕಡಿಮೆ ಮರೆತುಬಿಟ್ಟಿತು, ಜಪಾನ್ ಕಲಿತುಕೊಂಡಿತು. ಟೊಯೊಟಾದಲ್ಲಿ ಕೆಲಸ ಕಲಿಸುವ ಪದ್ಧತಿಯ ಬೇರು ಇಲ್ಲಿದೆ.

ಈ ದಾರಿಯ ಖರ್ಚು ಸಾಫ್ಟ್‌ವೇರ್‌ನ ಖರ್ಚಿನ ಹಾಗೆ ಬಿಲ್‌ನಲ್ಲಿ ಕಾಣಿಸುವುದಿಲ್ಲ. ಅದು ಹಿರಿಯರ ಹೊತ್ತು. ಕಲಿಸುತ್ತಿರುವಾಗ ಅವರ ಮಷಿನ್‌ನ ಉತ್ಪಾದನೆ ಇಳಿಯುತ್ತದೆ. ಅದೇ ತಿಂಗಳು ಅವರ ಟಾರ್ಗೆಟ್ ಇಳಿಸದಿದ್ದರೆ ಅವರು ಕಲಿಸುವುದಿಲ್ಲ, ಅಷ್ಟು ಸರಳ. ಇನ್ನೊಂದು ಸಂಗತಿಯನ್ನು ಮ್ಯಾನೇಜರ್‌ಗಳು ಬಾಯಿಬಿಟ್ಟು ಹೇಳುವುದಿಲ್ಲ. ಕೆಲವರಿಗೆ ತಮ್ಮ ತಿಳಿವಳಿಕೆಯೇ ಕೆಲಸದ ಭದ್ರತೆ. ಅದನ್ನು ಕೊಟ್ಟುಬಿಟ್ಟರೆ ನಾಳೆ ನಾನ್ಯಾಕೆ ಬೇಕು ಅನ್ನುವ ಹೆದರಿಕೆ. ಅದು ಸ್ವಾರ್ಥ ಅಂತ ಬೈಯುವುದು ಸುಲಭ, ಆದರೆ ಕಂಪನಿ ಹಿಂದೆ ಹೇಗೆ ನಡೆದುಕೊಂಡಿದೆ ಅನ್ನುವುದನ್ನು ನೋಡಿದರೆ ಎಷ್ಟೋ ಸಲ ಅದು ಸಕಾರಣವೇ ಆಗಿರುತ್ತದೆ.

ವಿಡಿಯೊ

ಬರಹಕ್ಕೂ ಪಕ್ಕದಲ್ಲಿ ನಿಲ್ಲುವುದಕ್ಕೂ ನಡುವಿನದು. ಮಷಿನ್ ಮೇಲೆ ಕ್ಯೂಆರ್ ಕೋಡ್ ಅಂಟಿಸಿ, ಸ್ಕ್ಯಾನ್ ಮಾಡಿದರೆ ಒಂದೂವರೆ ನಿಮಿಷದ ವಿಡಿಯೊ ಬರುವ ಹಾಗೆ ಮಾಡುವುದು ಅಗ್ಗ, ಬೇಗ ಆಗುತ್ತದೆ. ಕೈಯ ಕೋನ, ಒತ್ತಡ, ಸದ್ದು ಇವೆಲ್ಲ ಬರಹದಲ್ಲಿ ಬರದ ಸಂಗತಿಗಳು. ಓದಲು ಕಷ್ಟವಾಗುವವರಿಗೂ, ಬೇರೆ ಭಾಷೆಯವರಿಗೂ ಅನುಕೂಲ. ತೊಂದರೆ ಒಂದೇ: ತಿದ್ದಲು ಬರುವುದಿಲ್ಲ. ಪೀಸನ್ನು ಹಿಡಿದಿಡುವ ಫಿಕ್ಸ್ಚರ್ ಬದಲಾದರೆ ಪೂರ್ತಿ ಮತ್ತೆ ತೆಗೆಯಬೇಕು. ಆದ್ದರಿಂದ ತುಂಡು ತುಂಡಾಗಿ ಮಾಡಿ. ಹನ್ನೆರಡು ನಿಮಿಷದ ಒಂದು ವಿಡಿಯೊಕ್ಕಿಂತ ಒಂದು ನಿಮಿಷದ ಹನ್ನೆರಡು ಮೇಲು. ಹಿನ್ನೆಲೆ ಸಂಗೀತ ದಯವಿಟ್ಟು ಬೇಡ, ಮಷಿನ್‌ನ ಸದ್ದು ಕೇಳಬೇಕು.

ಹುಡುಕಿ ಓದುವ ಸಾಫ್ಟ್‌ವೇರ್

ಈಗ ಎಲ್ಲರೂ ಮೊದಲು ಕೇಳುವ ಆಯ್ಕೆಗೆ ಬರೋಣ. ಎಲ್ಲರೂ ಬರೆದು ತಿದ್ದಬಹುದಾದ ಒಂದು ವಿಕಿಯೋ, ಡಾಕ್ಯುಮೆಂಟ್ ಸರ್ವರ್ರೋ, ದೊಡ್ಡ ಪ್ಯಾಕೇಜೋ, ಏನಾದರಾಗಲಿ. ಎಲ್ಲರೂ ಹಾಕುತ್ತಾರೆ, ಎಲ್ಲರೂ ಹುಡುಕುತ್ತಾರೆ ಎಂಬುದು ಆಸೆ. ನಡೆಯುವುದು ಏನೆಂದರೆ, ಮೊದಲ ಮೂರು ತಿಂಗಳು ಹಾಕುತ್ತಾರೆ, ಆಮೇಲೆ ಹಾಕುವುದಿಲ್ಲ. ಹಳತು ಹೊಸತು ಬೆರೆತು ಹೋಗುತ್ತದೆ. ಯಾವುದು ಸರಿ ಅಂತ ಗೊತ್ತಾಗದೆ ಜನ ಮತ್ತೆ ಆ ಫೋನ್ ನಂಬರಿಗೇ ಹೋಗುತ್ತಾರೆ.

ಹಾಗಂತ ಇದು ಕೆಲಸಕ್ಕೆ ಬಾರದ್ದಲ್ಲ. ಚೆನ್ನಾಗಿ ನಡೆದ ಒಂದು ಉದಾಹರಣೆ ಜೆರಾಕ್ಸ್ ಕಂಪನಿಯದು. ಅಲ್ಲಿ ಕಾಪಿ ಮಷಿನ್ ರಿಪೇರಿ ಮಾಡುವವರನ್ನು ಮಾನವಶಾಸ್ತ್ರಜ್ಞ ಜೂಲಿಯನ್ ಆರ್ ಹಿಂಬಾಲಿಸಿ ನೋಡಿದರು. ಮ್ಯಾನ್ಯುಯಲ್‌ನಲ್ಲಿ ಇಲ್ಲದ ತೊಂದರೆಗಳನ್ನು ರಿಪೇರಿಯವರು ಬಿಡಿಸುತ್ತಿದ್ದದ್ದು ಒಬ್ಬರಿಗೊಬ್ಬರು ಕಥೆ ಹೇಳಿಕೊಂಡು. ಊಟದ ಹೊತ್ತಿನ ಹರಟೆ ಅಂತ ಮೇಲಿನವರು ನೋಡುತ್ತಿದ್ದದ್ದೇ ಅಸಲಿ ತರಬೇತಿಯಾಗಿತ್ತು. 1990ರ ದಶಕದಲ್ಲಿ 'ಯುರೇಕಾ' ಎಂಬ ವ್ಯವಸ್ಥೆ ಬಂತು. ರಿಪೇರಿಯವರು ತಾವು ಕಂಡುಕೊಂಡ ಸಲಹೆಯನ್ನು ಅದರಲ್ಲಿ ಬರೆಯುವುದು, ಬೇರೆ ರಿಪೇರಿಯವರು ಅದನ್ನು ಪರೀಕ್ಷಿಸಿ ಒಪ್ಪುವುದು, ಒಪ್ಪಿದ ಸಲಹೆಗೆ ಬರೆದವರ ಹೆಸರು ಅಂಟಿಕೊಂಡಿರುವುದು. ಹಣದ ಬಹುಮಾನಕ್ಕಿಂತ ಆ ಹೆಸರು ಹೆಚ್ಚು ಕೆಲಸ ಮಾಡಿತು.

ಇದರಿಂದ ಸಾಫ್ಟ್‌ವೇರ್ ಆರಿಸುವವರು ಕಲಿಯಬೇಕಾದದ್ದು ಫೀಚರ್‌ಗಳ ಪಟ್ಟಿಯಲ್ಲ. ಮಾರಲು ಬಂದವರನ್ನು ಹೀಗೆ ಕೇಳಿ. ಗ್ಲೌಸ್ ಹಾಕಿದ ಕೈಯಲ್ಲಿ, ಮಷಿನ್ ಪಕ್ಕ ನಿಂತು, ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆಯೇ? ನಾವು ಆಡುವ ಹೆಸರಿನಲ್ಲಿ ಹುಡುಕಿದರೆ ಸಿಗುತ್ತದೆಯೇ? ಡ್ರಾಯಿಂಗ್‌ನಲ್ಲಿ ಭಾಗದ ಹೆಸರು ಒಂದು, ಶಾಪ್ ಫ್ಲೋರ್‌ನಲ್ಲಿ ಇನ್ನೊಂದು ಇರುತ್ತದೆ, ಅಲ್ವಾ? ಬರೆದವರ ಹೆಸರೂ ಒಪ್ಪಿದವರ ಹೆಸರೂ ಕಾಣುತ್ತದೆಯೇ? ಎರಡು ವರ್ಷದಿಂದ ಯಾರೂ ಮುಟ್ಟದ ಪುಟವನ್ನು ಅದಾಗಿಯೇ ಎತ್ತಿ ತೋರಿಸುತ್ತದೆಯೇ? ನಾವು ಬಿಟ್ಟುಹೋದರೆ ನಮ್ಮ ಮಾಹಿತಿಯನ್ನು ಪೂರ್ತಿ ಹೊರಗೆ ತೆಗೆದುಕೊಳ್ಳಬಹುದೇ? ಕೊನೆಯ ಪ್ರಶ್ನೆಗೆ ಉತ್ತರ ಕೊಡುವಾಗ ಅವರ ಮುಖವನ್ನೂ ನೋಡಿ.

ಬೆಳಗಿನ ಹತ್ತು ನಿಮಿಷ ಮತ್ತು ಒಂದು ಹಾಳೆ

ಶಿಫ್ಟ್ ಬದಲಾಗುವಾಗ ಎರಡೂ ಶಿಫ್ಟಿನವರು ಬೋರ್ಡ್ ಮುಂದೆ ನಿಂತು ಮಾತಾಡುವುದಕ್ಕೆ ಖರ್ಚೇ ಇಲ್ಲ. ನಿನ್ನೆ ಏನು ಕೆಟ್ಟಿತು, ಏನು ಮಾಡಿದೆವು, ಇವತ್ತು ಯಾವುದರ ಮೇಲೆ ಕಣ್ಣಿಡಬೇಕು. ಕೂರಬಾರದು. ಕೂತರೆ ಅದು ಮೀಟಿಂಗ್ ಆಗುತ್ತದೆ.

ಮಾತು ಗಾಳಿಗೆ ಹೋಗದಿರಲು ಟೊಯೊಟಾದವರ ಎ3 ಹಾಳೆ ಒಳ್ಳೆಯ ಜೊತೆ. 297 ಮಿಲಿಮೀಟರ್‌ಗೆ 420ರ ಒಂದೇ ಹಾಳೆ. ತೊಂದರೆ, ಈಗಿನ ಸ್ಥಿತಿ, ಗುರಿ, ಕಾರಣ, ಪರಿಹಾರ, ಆಮೇಲೆ ಏನಾಯಿತು, ಎಲ್ಲವೂ ಅದರಲ್ಲೇ ಹಿಡಿಯಬೇಕು. ಜಾಗ ಕಡಿಮೆ ಇರುವುದೇ ಇದರ ಗುಣ. ಯೋಚಿಸದೆ ಬರೆದರೆ ಹಾಳೆ ಸಾಲುವುದಿಲ್ಲ. ಒಂದೇ ದೂರು ಮತ್ತೆ ಮತ್ತೆ ಬರುವ ಕಂಪನಿಗೆ ನಾನು ಮೊದಲು ಹೇಳುವುದು ಇದನ್ನೇ. ಮರುಕಳಿಸುವ ದೂರು ಅಂದರೆ ಹಿಂದಿನ ಸಲ ಕಲಿತದ್ದು ಎಲ್ಲೂ ಉಳಿದಿಲ್ಲ ಅಂತ ಅರ್ಥ.

ಎಐ ಚಾಟ್‌ಬಾಟ್

ನಿಮ್ಮ ಎಲ್ಲ ಮ್ಯಾನ್ಯುಯಲ್, ಎಸ್‌ಒಪಿ, ಬ್ರೇಕ್‌ಡೌನ್ ದಾಖಲೆಗಳನ್ನು ಓದಿಕೊಂಡು, ಕೇಳಿದ್ದಕ್ಕೆ ಆಡುಮಾತಿನಲ್ಲಿ ಉತ್ತರ ಕೊಡುವ ಸಹಾಯಕ. ನಿಜವಾಗಿಯೂ ಉಪಯೋಗಿ. ಅದರಲ್ಲೂ ಆರುನೂರು ಪುಟದ ಮಷಿನ್ ಮ್ಯಾನ್ಯುಯಲ್‌ನಿಂದ ಒಂದು ಅಲಾರ್ಮ್ ಕೋಡ್‌ನ ಅರ್ಥ ಹುಡುಕುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ಆದರೆ ಎರಡು ಮಾತು ನೆನಪಿರಲಿ. ಬರೆದಿಡದೆ ಇರುವುದು ಅದಕ್ಕೂ ಗೊತ್ತಿರುವುದಿಲ್ಲ. ಎಡಗಡೆ ಪಿನ್ ಹತ್ತಿರದ ಕೊಳೆ ಯಾವ ಕಡತದಲ್ಲೂ ಇಲ್ಲದಿದ್ದರೆ ಅದು ಟೆಂಪರೇಚರ್ ಇಳಿಸಿ ಅಂತಲೇ ಹೇಳುತ್ತದೆ. ಎರಡನೆಯದು, ಹಳೆಯ ಆವೃತ್ತಿಯ ಎಸ್‌ಒಪಿ ಒಳಗೆ ಉಳಿದಿದ್ದರೆ ಅದರಿಂದಲೂ ಅಷ್ಟೇ ಧೈರ್ಯವಾಗಿ ಉತ್ತರ ಕೊಡುತ್ತದೆ. ಪ್ರತಿ ಉತ್ತರದ ಕೆಳಗೆ ಯಾವ ಕಡತ, ಯಾವ ಪುಟ ಅಂತ ತೋರಿಸದ ಸಾಧನವನ್ನು ಶಾಪ್ ಫ್ಲೋರ್‌ಗೆ ಬಿಡಬೇಡಿ. ಸೇಫ್ಟಿ ವಿಷಯಗಳಿಗಂತೂ ಮೂಲ ಕಡತವನ್ನೇ ತೆರೆಯಬೇಕು ಅನ್ನುವ ನಿಯಮ ಇರಲಿ. ಎಐ ಹಾಕುವ ಮೊದಲು ಕಡತ ಗುಡಿಸಿ ಸ್ವಚ್ಛ ಮಾಡುವುದೇ ಮುಕ್ಕಾಲು ಕೆಲಸ. ಆ ಮುಕ್ಕಾಲು ಕೆಲಸದಿಂದ ಎಐ ಇಲ್ಲದೆಯೂ ಲಾಭ ಇದೆ ಅನ್ನುವುದು ತಮಾಷೆ.

ಹಾಗಾದರೆ ಯಾರಿಗೆ ಯಾವುದು

1999ರಲ್ಲಿ ಹ್ಯಾನ್ಸನ್, ನೋರಿಯಾ, ಟಿಯರ್ನಿ ಎಂಬ ಮೂವರು ಒಂದು ಪ್ರಸಿದ್ಧ ಲೇಖನ ಬರೆದರು. ಜ್ಞಾನವನ್ನು ಕಡತಕ್ಕೆ ಇಳಿಸುವುದು ಒಂದು ದಾರಿ, ಮನುಷ್ಯರಿಂದ ಮನುಷ್ಯರಿಗೆ ಹರಿಸುವುದು ಇನ್ನೊಂದು. ಎರಡನ್ನೂ ಸಮಸಮ ಮಾಡಲು ಹೋಗಬೇಡಿ, ಒಂದನ್ನು ಮುಖ್ಯ ಮಾಡಿಕೊಳ್ಳಿ, ಸುಮಾರು 80ಕ್ಕೆ 20ರ ಹಾಗೆ, ಎಂದರು. ಅವರು ಹೆಚ್ಚಾಗಿ ನೋಡಿದ್ದು ಸಲಹಾ ಕಂಪನಿಗಳನ್ನು. ಕಾರ್ಖಾನೆಗೆ ಇದನ್ನು ಹಾಗೇ ತಂದರೆ ಕಾಲು ಜಾರುತ್ತದೆ. ಯಾಕೆಂದರೆ ಒಂದೇ ಕಾರ್ಖಾನೆಯೊಳಗೆ ಅಸೆಂಬ್ಲಿ ಲೈನ್ ಒಂದು ಲೋಕ, ಅಚ್ಚು-ಉಪಕರಣ ತಯಾರಿಸುವ ಟೂಲ್ ರೂಮ್ ಇನ್ನೊಂದು ಲೋಕ. ಆ 80-20ನ್ನು ಕಂಪನಿಗೆ ಅಲ್ಲ, ವಿಭಾಗಕ್ಕೆ ಹಚ್ಚಿ ಅನ್ನುವುದು ನನ್ನ ಸಲಹೆ.

ಜನ ಬೇಗ ಬೇಗ ಬದಲಾಗುವ ಅಸೆಂಬ್ಲಿಗೆ ಚಿತ್ರ ಜಾಸ್ತಿ ಇರುವ ಒಂದು ಪುಟದ ಸೂಚನೆ, ವಿಡಿಯೊ, ಮತ್ತು ಟಿಡಬ್ಲ್ಯುಐ ಕಲಿತ ಲೈನ್ ಲೀಡರ್. ಇಲ್ಲಿ ವಿಕಿ ದಂಡ. ಮೂರು ತಿಂಗಳಿಗೆ ಬಿಟ್ಟುಹೋಗುವವರು ವಿಕಿಯಲ್ಲಿ ಬರೆಯುವುದಿಲ್ಲ.

ಟೂಲ್ ರೂಮ್, ಫೌಂಡ್ರಿ, ವೆಲ್ಡಿಂಗ್, ಗ್ರೈಂಡಿಂಗ್, ಪೇಂಟ್ ಹೊಂದಿಸುವ ಕೆಲಸಗಳಲ್ಲಿ ಗುರು-ಶಿಷ್ಯರ ಜೋಡಿಯೇ ಮುಖ್ಯ. ಉಳಿದದ್ದೆಲ್ಲ ಪಕ್ಕವಾದ್ಯ. ಇಲ್ಲಿ ಎಸ್‌ಒಪಿ ಬರೆಸಲು ಒತ್ತಾಯ ಮಾಡಿದರೆ ಸಿಗುವುದು ಸುಳ್ಳು ಎಸ್‌ಒಪಿ.

ರಸಾಯನ, ಔಷಧಿಯಂಥ ಪ್ರೊಸೆಸ್ ಘಟಕಗಳಲ್ಲಿ ಬರಹಕ್ಕೇ ಮೊದಲ ಜಾಗ, ಕಾನೂನೂ ಅದನ್ನೇ ಕೇಳುತ್ತದೆ. ಅದರ ಜೊತೆ ಬ್ಯಾಚ್ ದಾಖಲೆಗಳನ್ನು ಜೋಪಾನ ಮಾಡುವುದು. ಫಾಗ್‌ಬ್ಯಾಂಕ್ ಕಥೆಯನ್ನು ಇಲ್ಲಿನವರು ಎರಡು ಸಲ ಓದಲಿ.

ಮೆಂಟೆನೆನ್ಸ್‌ಗೆ ಹುಡುಕುವ ಸಾಫ್ಟ್‌ವೇರ್ ಸಾರ್ಥಕ. ತೊಂದರೆಗಳು ನೂರಾರು ಬಗೆ, ಒಂದೊಂದೂ ಅಪರೂಪ, ಎಲ್ಲವನ್ನೂ ಒಬ್ಬರೇ ನೋಡಿರುವುದಿಲ್ಲ. ಎಐಯಿಂದ ಮೊದಲ ಲಾಭ ಸಿಗುವುದೂ ಇಲ್ಲೇ.

ಹಲವು ಊರಲ್ಲಿ ಘಟಕ ಇರುವ ಕಂಪನಿಯದ್ದು ಬೇರೆಯೇ ಕಥೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಡಗು ಕಟ್ಟುವ ಯಾರ್ಡ್‌ಗಳು ಒಂದೇ ವಿನ್ಯಾಸದ 2,710 'ಲಿಬರ್ಟಿ' ಸರಕು ಹಡಗುಗಳನ್ನು ಕಟ್ಟಿದವು. ಸಂಶೋಧಕಿ ಲಿಂಡಾ ಆರ್ಗೋಟ್ ಮತ್ತು ಸಂಗಡಿಗರು 1990ರಲ್ಲಿ ಆ ಲೆಕ್ಕಗಳನ್ನು ತೆಗೆದು ನೋಡಿದರು. ತಡವಾಗಿ ಶುರುವಾದ ಯಾರ್ಡ್‌ಗಳು ಮೊದಲಿನವರ ಅನುಭವದಿಂದ ಒಳ್ಳೆಯ ಆರಂಭ ಪಡೆದಿದ್ದವು. ಆದರೆ ಒಮ್ಮೆ ಕೆಲಸ ಶುರುವಾದ ಮೇಲೆ ಒಂದು ಯಾರ್ಡ್ ಕಲಿತದ್ದು ಇನ್ನೊಂದಕ್ಕೆ ಹರಿಯಲಿಲ್ಲ. ಕಲಿತದ್ದು ಬೇಗ ಸವೆದೂ ಹೋಗುತ್ತಿತ್ತು. ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿದ ಮೇಲೆ ಹರಿವು ತಾನಾಗಿ ಆಗುವುದಿಲ್ಲ. ಇಂಥ ಕಂಪನಿಗಳು ಸರ್ವರ್‌ಗೆ ಹಾಕುವ ದುಡ್ಡಿನಲ್ಲಿ ಒಂದು ಪಾಲನ್ನು ಫಿಟ್ಟರ್‌ಗಳ ಪ್ರಯಾಣಕ್ಕೆ ಹಾಕಲಿ. ಇಲ್ಲಿನವರು ಎರಡು ವಾರ ಅಲ್ಲಿ, ಅಲ್ಲಿನವರು ಎರಡು ವಾರ ಇಲ್ಲಿ.

ನಲವತ್ತು ಐವತ್ತು ಜನರ ಸಣ್ಣ ಘಟಕಕ್ಕೆ? ಬೋರ್ಡ್ ಮುಂದಿನ ಹತ್ತು ನಿಮಿಷ, ಎ3 ಹಾಳೆಗಳ ಒಂದು ಫೈಲು, ಫೋನಿನಲ್ಲಿ ತೆಗೆದ ವಿಡಿಯೊ. ಪ್ಯಾಕೇಜ್ ಬೇಡ. ಮುಂದೆ ಬೇಕಾದಾಗ ಒಳಗೆ ಹಾಕಲು ಸಾಮಗ್ರಿ ಸಿದ್ಧವಿರುತ್ತದೆ.

ಲಾಭವಾಯಿತು ಅಂತ ಗೊತ್ತಾಗುವುದು ಹೇಗೆ

ಎಷ್ಟು ಕಡತ ಅಪ್‌ಲೋಡ್ ಆಯಿತು, ಎಷ್ಟು ಜನ ಲಾಗಿನ್ ಆದರು, ಎಷ್ಟು ತಾಸು ತರಬೇತಿ ನಡೆಯಿತು ಎಂಬ ಚಾರ್ಟ್‌ಗಳನ್ನು ಪಕ್ಕಕ್ಕಿಡಿ. ಅವು ಚಟುವಟಿಕೆಯ ಲೆಕ್ಕ. ಬೇಕಾದದ್ದು ಮಷಿನ್ ಹೇಳುವ ಲೆಕ್ಕ. ಮೊದಲ ಸಲಕ್ಕೇ ಪಾಸಾಗುವ ಪೀಸುಗಳೆಷ್ಟು? ಡೈ ಬದಲಾಯಿಸಲು ಎಷ್ಟು ನಿಮಿಷ? ಕೆಟ್ಟ ಮಷಿನ್ ಸರಿಯಾಗಲು ಎಷ್ಟು ಹೊತ್ತು? ಒಂದೇ ದೂರು ಎಷ್ಟು ಸಲ ಮರುಕಳಿಸಿತು? ಹೊಸ ಆಪರೇಟರ್ ಒಬ್ಬರೇ ಮಷಿನ್ ನಡೆಸಲು ಎಷ್ಟು ದಿನ ಬೇಕಾಯಿತು? ನನಗೆ ಅತಿ ಇಷ್ಟದ್ದು ಇನ್ನೊಂದು: ಶಿಫ್ಟ್‌ನಿಂದ ಶಿಫ್ಟ್‌ಗೆ ರಿಜೆಕ್ಷನ್ ಎಷ್ಟು ಬೇರೆ? ಮಷಿನ್ ಅದೇ, ಸಾಮಗ್ರಿ ಅದೇ, ಆದರೂ ಹಗಲು ಪಾಳಿಗಿಂತ ರಾತ್ರಿ ಪಾಳಿಯಲ್ಲಿ ರಿಜೆಕ್ಷನ್ ಎರಡು ಪಟ್ಟಿದ್ದರೆ, ತಿಳಿವಳಿಕೆ ಹಗಲಿನಲ್ಲಿ ನಿಂತುಬಿಟ್ಟಿದೆಯೇ ಅಂತ ಮೊದಲು ಅನುಮಾನಿಸಬೇಕು.

ವಿಮಾನ ಎಂಜಿನಿಯರ್ ಟಿ.ಪಿ. ರೈಟ್ 1936ರಲ್ಲಿ ಒಂದು ಲೆಕ್ಕ ತೋರಿಸಿದರು. ಒಟ್ಟು ತಯಾರಿಸಿದ ವಿಮಾನಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಒಂದು ವಿಮಾನಕ್ಕೆ ತಗಲುವ ದುಡಿಮೆ ಸುಮಾರು 20% ಇಳಿಯುತ್ತದೆ. ಕಲಿಕೆಯ ರೇಖೆ ಅಂತ ಆಮೇಲೆ ಹೆಸರಾಯಿತು. ನಿಮ್ಮ ಘಟಕದಲ್ಲೂ ಈ ಇಳಿತ ಕಾಣುತ್ತಿದೆಯೇ ಅಂತ ನೋಡಬಹುದು. ಉತ್ಪಾದನೆ ಏರುತ್ತಿದ್ದರೂ ಒಂದು ಪೀಸಿನ ಹೊತ್ತು ಇಳಿಯುತ್ತಿಲ್ಲ ಅಂದರೆ ಜನ ಕಲಿಯುತ್ತಿಲ್ಲ ಅಂತೇನಲ್ಲ. ಕಲಿತದ್ದು ಅವರ ಜೊತೆ ಗೇಟ್ ದಾಟಿ ಹೋಗುತ್ತಿರಬಹುದು.

ಎಲ್ಲಿಂದ ಶುರು ಮಾಡುವುದು ಅಂತ ಕೇಳಿದರೆ, ಒಂದು ಮಷಿನ್‌ನಿಂದ. ಪ್ರತಿ ಆಪರೇಟರ್‌ಗೂ ಒಂದೇ ಪ್ರಶ್ನೆ ಕೇಳಿ: "ರಾತ್ರಿ ಹೊತ್ತು ಕೈಕೊಟ್ಟರೆ ಯಾರಿಗೆ ಫೋನ್ ಮಾಡ್ತೀರಿ?" ನಾಲ್ಕೈದು ಹೆಸರು ಪದೇ ಪದೇ ಬರುತ್ತವೆ. ಅವರಲ್ಲಿ ಯಾರು ಮೊದಲು ನಿವೃತ್ತರಾಗುತ್ತಾರೋ ಅವರಿಂದ ಆರಂಭಿಸಿ. ಆರು ತಿಂಗಳು ಇರುವಾಗಲೇ ಒಬ್ಬ ಶಿಷ್ಯರನ್ನು ಜೊತೆ ಮಾಡಿ. ಮೊದಲ ಎರಡು ತಿಂಗಳು ಶಿಷ್ಯರು ನೋಡಲಿ, ಮುಂದಿನ ಎರಡು ತಿಂಗಳು ಇಬ್ಬರೂ ಮಾಡಲಿ, ಕೊನೆಯ ಎರಡು ತಿಂಗಳು ಹಿರಿಯರು ಕೈ ಕಟ್ಟಿ ನಿಲ್ಲಲಿ. ಕೊನೆಯ ತಿಂಗಳ ಮೊದಲ ವಾರ ಹಿರಿಯರಿಗೆ ಸಂಬಳದ ರಜೆ ಕೊಟ್ಟು ಮನೆಗೆ ಕಳಿಸಿ. ಆ ವಾರ ಕಾರ್ಖಾನೆಯಿಂದ ಅವರಿಗೆ ಹೋದ ಪ್ರತಿ ಕರೆಯನ್ನೂ, ಯಾವ ಮಷಿನ್, ಏನು ಕೇಳಿದರು ಅಂತ ಬರೆದುಕೊಳ್ಳಲು ಅವರಿಗೇ ಹೇಳಿ. ಅವರು ವಾಪಸ್ ಬಂದ ಮೇಲೆ ಉಳಿದ ಮೂರು ವಾರ ಏನು ಕಲಿಸಬೇಕು ಅನ್ನುವುದು ಆ ಚೀಟಿಯಲ್ಲಿರುತ್ತದೆ.